ಆ ಕಡೆಯ ಹೆಗಲು

ಗುರುಮಲ್ಲಪ್ಪನವರು ಇಪ್ಪತ್ತೆಂಟು ವರ್ಷ ಒಂದೇ ಮನೆಯ ಕಾರು ಓಡಿಸಿದವರು. ಆ ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ. ಮನೆಯ ಯಜಮಾನಿ ಲೀಲಾವತಿ ಅರಸ್ ನಿವೃತ್ತ ಮುಖ್ಯೋಪಾಧ್ಯಾಯಿನಿ. ಪ್ರತಿ ಬುಧವಾರ ಆಕೆ ಬೆಟ್ಟದ ಮೇಲಿನ ಶಾಲೆಗೆ ಹೋಗಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಕರೆದೊಯ್ಯುವುದು, ಸಂಜೆ ಕರೆತರುವುದು ಗುರುಮಲ್ಲಪ್ಪನವರ ಕೆಲಸ.

ಆ ಬೆಟ್ಟದ ಡ್ರೈವರುಗಳಿಗೆ ಒಂದು ರೂಢಿ ಇತ್ತು. ಹತ್ತುವಾಗ ಎಂಜಿನ್, ಇಳಿಯುವಾಗ ದೇವರು. ಮೇಲಿನ ತಿರುವಿನ ಗಣಪನ ಗುಡಿಗೆ ಕೈಮುಗಿದು ಎಂಜಿನ್ ಆರಿಸಿದರೆ, ಬೆಟ್ಟದ ಬುಡದವರೆಗೂ ಗಾಡಿ ತಾನಾಗಿ ಉರುಳಿಕೊಂಡು ಬರುತ್ತಿತ್ತು.

"ಇಳಿಯೋಕೆ ಯಾಕೆ ಅಮ್ಮೋರೆ ಪೆಟ್ರೋಲ್ ಸುಡೋದು?" ಎನ್ನುತ್ತಿದ್ದರು ಗುರುಮಲ್ಲಪ್ಪ. ದುಂದು ಎಂದರೆ ಆಗದ ಲೀಲಾವತಿಯವರು ಈ ಮಾತನ್ನು ಮೆಚ್ಚಿದ್ದರು.

ಹಳೆಯ ಕಾರು ಮುದಿಯಾಯಿತು. ಹೊಸದು ಬಂತು. ಅದನ್ನು ಒಪ್ಪಿಸಲು ಬಂದ ಎಂಜಿನಿಯರ್ ಉಲ್ಲಾಸ ಬಾನೆಟ್ ಎತ್ತಿ ಅರ್ಧ ಗಂಟೆ ವಿವರಿಸಿದ.

"ಇದು ವ್ಯಾಕ್ಯೂಮ್ ಬೂಸ್ಟರ್. ಎಂಜಿನ್ ಆಫ್ ಆದರೆ ಬ್ರೇಕಿಗೆ ಅಸಿಸ್ಟ್ ಇರುವುದಿಲ್ಲ. ಅರ್ಥವಾಯಿತಾ?"

"ಆಯ್ತು ಸಾರ್," ಎಂದರು ಗುರುಮಲ್ಲಪ್ಪ. ಲೀಲಾವತಿಯವರೂ ಗಂಭೀರವಾಗಿ ತಲೆಯಾಡಿಸಿದರು.

ಇಬ್ಬರಿಗೂ ಏನೂ ತಿಳಿದಿರಲಿಲ್ಲ. ಡ್ರೈವರಿಗೆ ತಿಳಿದಿರುತ್ತದೆ ಎಂದುಕೊಂಡರು ಆಕೆ. ಓದಿದ ಅಮ್ಮೋರಿಗೆ ತಿಳಿದಿರುತ್ತದೆ ಎಂದುಕೊಂಡರು ಅವರು. ಎರಡು ತಲೆಗಳು ಆಡಿದ್ದನ್ನು ನೋಡಿ ಉಲ್ಲಾಸ ಸಹಿ ಹಾಕಿಸಿಕೊಂಡು ಹೊರಟುಹೋದ.

ಬುಧವಾರ ಸಂಜೆ ಗುರುಮಲ್ಲಪ್ಪ ಎಂದಿನಂತೆ ಗಣಪನಿಗೆ ಕೈಮುಗಿದು ಎಂಜಿನ್ ಆರಿಸಿದರು. ಮೊದಲ ತಿರುವಿನಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯಿತು. ಎರಡನೆಯದರಲ್ಲಿ ಅರೆಬರೆ ಹಿಡಿಯಿತು. ಮೂರನೆಯದರಲ್ಲಿ ಪೆಡಲ್ ಕಲ್ಲಾಯಿತು. ಎರಡೂ ಕಾಲಿಟ್ಟು ಒತ್ತಿದರೂ ಕದಲಲಿಲ್ಲ. ಬಲಕ್ಕೆ ಕಣಿವೆ. ಗುರುಮಲ್ಲಪ್ಪ ಹ್ಯಾಂಡ್ ಬ್ರೇಕ್ ಎಳೆದು, ರಸ್ತೆ ಕೆಲಸಕ್ಕೆಂದು ಎಡಬದಿಯಲ್ಲಿ ಸುರಿದಿದ್ದ ಜಲ್ಲಿಯ ರಾಶಿಗೆ ಕಾರನ್ನು ನುಗ್ಗಿಸಿದರು.

ಕಾರು ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಲೀಲಾವತಿಯವರ ಕನ್ನಡಕ ಮಾತ್ರ ಸೀಟಿನ ಕೆಳಗೆ ಸೇರಿತ್ತು. ಕಾರನ್ನು ಲಾರಿಯ ಮೇಲೇರಿಸಿ ಮನೆಗೆ ತರಿಸಿದರು.

ಮರುದಿನ ಬೆಳಿಗ್ಗೆ ಗುರುಮಲ್ಲಪ್ಪ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟರು.

"ನನ್ನ ಕಾಲಲ್ಲಿ ಬಲ ಹೋಯ್ತು ಅಮ್ಮೋರೆ. ನಿಮ್ಮನ್ನ ಕೊಂದೇಬಿಡ್ತಿದ್ದೆ. ಇನ್ನು ಸ್ಟೀರಿಂಗ್ ಮುಟ್ಟಲ್ಲ."

ಲೀಲಾವತಿಯವರು ಕೀಲಿಯನ್ನು ಮುಟ್ಟದೆ ಉಲ್ಲಾಸನನ್ನು ಕರೆಸಿದರು. ಅವನು ಕಾರನ್ನು ಪರೀಕ್ಷಿಸಿ, "ಬ್ರೇಕಿನಲ್ಲಿ ದೋಷವಿಲ್ಲ ಮೇಡಂ," ಎಂದ. ಹಾಗಾದರೆ ದೋಷ ತನ್ನ ಕಾಲಿನದೇ ಎಂದು ಗುರುಮಲ್ಲಪ್ಪ ತಲೆ ತಗ್ಗಿಸಿದರು.

"ಯಾವ ಗೇರಿನಲ್ಲಿ ಇಳಿಯುತ್ತಿದ್ದಿರಿ?" ಉಲ್ಲಾಸ ಕೇಳಿದ.

"ಗೇರು ಯಾಕೆ ಸಾರ್? ಎಂಜಿನ್ನೇ ಆರಿಸಿದ್ದೆ."

ಉಲ್ಲಾಸ ಹೌಹಾರಿದ. "ಅವತ್ತೇ ಹೇಳಿದ್ದೆನಲ್ಲ! ಇಬ್ಬರೂ ತಲೆಯಾಡಿಸಿದಿರಿ!"

"ಆಡಿಸಿದೆವು," ಎಂದರು ಲೀಲಾವತಿ. "ನನಗೆ ಅರ್ಥವಾಗಿರಲಿಲ್ಲ. ಕೇಳಲು ನಾಚಿಕೆಯಾಯಿತು. ತಿಳಿಯದಿದ್ದರೆ ಕೈ ಎತ್ತಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು ನಾನು. ಈಗ ಎತ್ತುತ್ತಿದ್ದೇನೆ." ಆಕೆ ನಿಜವಾಗಿಯೂ ಕೈ ಎತ್ತಿದರು. "ಗುರುಮಲ್ಲಪ್ಪನವರಿಗೆ ತಿಳಿಯುವ ಹಾಗೆ ಇನ್ನೊಮ್ಮೆ ಹೇಳಿ."

ಉಲ್ಲಾಸ ತಲೆ ಕೆರೆದುಕೊಂಡ. "ಯಜಮಾನರೇ, ಬಿಡುವಿದ್ದಾಗ ಏನು ಮಾಡ್ತೀರಿ?"

"ಮಠದ ದಾಸೋಹದಲ್ಲಿ ಸಾರಿನ ಹಂಡೆ ಹೊರ್ತೀನಿ."

"ಒಬ್ಬರೇ?"

"ಒಬ್ನೇ ಹೊರೋಕೆ ಅದೇನು ಚೊಂಬಾ? ಬೊಂಬು ತೂರಿಸಿ ಈ ಕಡೆ ನಾನು, ಆ ಕಡೆ ನಮ್ಮ ಪುಟ್ಟಬುದ್ಧಿ. ಎತ್ತಿನಂಥ ಆಳು ಸಾರ್."

"ನಡುದಾರಿಯಲ್ಲಿ ಪುಟ್ಟಬುದ್ಧಿ ಹೆಗಲು ತೆಗೆದರೆ?"

"ಸಾರೆಲ್ಲ ನನ್ನ ಕಾಲ ಮೇಲೆ!"

"ಈ ಕಾರಿನಲ್ಲಿ ಪುಟ್ಟಬುದ್ಧಿ ಅಂದರೆ ಎಂಜಿನ್. ನೀವು ಬ್ರೇಕ್ ಒತ್ತಿದಾಗ ಅದೂ ಜೊತೆಗೆ ಹೆಗಲು ಕೊಡುತ್ತದೆ. ಹಳೆಯ ಕಾರಿನ ಬ್ರೇಕಿಗೆ ಈ ಜೊತೆ ಬೇಕಿರಲಿಲ್ಲ; ಇದರಲ್ಲಿ ಎಂಜಿನ್ ಆರಿಸಿದರೆ ಹಂಡೆ ಪೂರಾ ನಿಮ್ಮೊಬ್ಬರ ಮೇಲೆ."

"ಹಾಗಾದರೆ ಮೊದಲೆರಡು ತಿರುವಿನಲ್ಲಿ ಹೇಗೆ ಹಿಡಿಯಿತು?" ಲೀಲಾವತಿಯವರು ಬಿಡಲಿಲ್ಲ.

"ಎಂಜಿನ್ ಆರಿದ ಮೇಲೂ ಸ್ವಲ್ಪ ಬಲ ಉಳಿದಿರುತ್ತದೆ ಮೇಡಂ. ಎರಡು ಮೂರು ಸಲ ಒತ್ತಿದರೆ ಮುಗಿಯಿತು."

ಅವನು ಗುರುಮಲ್ಲಪ್ಪನವರನ್ನು ಅಂಗಳದಲ್ಲಿ ನಿಂತಿದ್ದ ಕಾರಿನಲ್ಲಿ ಕೂರಿಸಿದ. ಎಂಜಿನ್ ಆರಿತ್ತು. ಬ್ರೇಕನ್ನು ನಾಲ್ಕು ಸಲ ಒತ್ತಿಸಿದ. ಪೆಡಲ್ ಮತ್ತೆ ಕಲ್ಲಾಯಿತು. "ಕಾಲು ತೆಗೆಯಬೇಡಿ. ಈಗ ಸ್ಟಾರ್ಟ್ ಮಾಡಿ."

ಎಂಜಿನ್ ಗುರ್ ಎಂದಿತು. ಅದೇ ಕಾಲಿನ ಕೆಳಗೆ ಪೆಡಲ್ ಮೆತ್ತಗೆ ಕುಸಿಯಿತು.

"ಬಂದ! ಪುಟ್ಟಬುದ್ಧಿ ಬಂದ!" ಗುರುಮಲ್ಲಪ್ಪ ಕೂಗಿದರು.

"ತಿಳಿದದ್ದನ್ನು ಈಗ ನೀವು ಹೇಳಿ," ಎಂದರು ಲೀಲಾವತಿ.

"ಹಳೇ ಕಾರಲ್ಲಿ ಇದ್ದದ್ದು ಚಿಕ್ಕ ಪಾತ್ರೆ ಅಮ್ಮೋರೆ, ನಾನೊಬ್ನೇ ಹೊರ್ತಿದ್ದೆ. ಇದು ಹಂಡೆ. ಇಳಿಯುವಾಗ ಆ ಕಡೆಯವನನ್ನ ಮಲಗಿಸಬಾರ್ದು." ಆಮೇಲೆ ಮೆಲ್ಲಗೆ ಕೇಳಿದರು, "ಹಂಗಾದ್ರೆ ಸಾರ್, ನನ್ನ ಕಾಲು?"

"ನಿಮ್ಮ ಕಾಲಿಗೆ ಏನೂ ಆಗಿಲ್ಲ."

ಗುರುಮಲ್ಲಪ್ಪ ಇಳಿದುಬಂದು ಮೆಟ್ಟಿಲ ಮೇಲೆ ಕುಳಿತರು. ಮೊಣಕಾಲನ್ನು ಎರಡು ಸಲ ನೀವಿಕೊಂಡರು. ಕಣ್ಣೊರೆಸಿಕೊಂಡು ನಕ್ಕರು. ಲೀಲಾವತಿಯವರು ಕಾರಿನಿಂದ ಕೀಲಿ ತೆಗೆದು ತಂದು ಅವರ ಕೈಗಿಟ್ಟು, "ಬುಧವಾರ ಒಂಬತ್ತು ಗಂಟೆಗೆ. ತಡ ಮಾಡಬೇಡಿ," ಎಂದರು.

ಆ ಬುಧವಾರ ಸಂಜೆ ಗುರುಮಲ್ಲಪ್ಪ ಗಣಪನಿಗೆ ಕೈಮುಗಿದರು. ಎಂಜಿನ್ ಆರಿಸಲಿಲ್ಲ. ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿಯತೊಡಗಿದರು. ಗುಡಿಯ ಬಳಿ ಹೊಸ ಟ್ಯಾಕ್ಸಿಯೊಂದನ್ನು ನಿಲ್ಲಿಸಿಕೊಂಡಿದ್ದ ಡ್ರೈವರ್ ಅಣಕಿಸಿದ: "ಏನ್ ಗುರುಮಲ್ಲಣ್ಣ, ದೇವರ ಮೇಲಿನ ನಂಬಿಕೆ ಹೋಯ್ತಾ?"

ಗುರುಮಲ್ಲಪ್ಪ ಕಾರನ್ನು ಪಕ್ಕಕ್ಕೆ ಹಾಕಿ ಇಳಿದರು.

"ಬಾರಯ್ಯ ಇಲ್ಲಿ. ನೀನು ಯಾವತ್ತಾದ್ರೂ ಹಂಡೆ ಹೊತ್ತಿದೀಯಾ?"

ನೀತಿ: ಅರ್ಥವಾಗದೆ ತಲೆಯಾಡಿಸಬೇಡಿ, ಕೇಳಲು ನಾಚಬೇಡಿ. ವಿವರಿಸುವವರೇ, ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವ ತನಕ ನಿಮ್ಮ ಪಾಠ ಮುಗಿದಿಲ್ಲ.