ಮರೆವಿಗೆ ಚಟ್ನಿ

ಬಾಗಿಲು ಮುಂದೆ ಮಾಡಿ ಹತ್ತಿರ ಬನ್ನಿ. ಇದು ನಮ್ಮಲ್ಲೇ ಇರಲಿ, ಪಕ್ಕದ ಬೀದಿಯ ಊದುಬತ್ತಿ ಕಾರ್ಖಾನೆಯ ಸುದ್ದಿ.

ಅಲ್ಲಿನ ಸೂಪರ್‌ವೈಸರ್ ಲಲಿತಾಂಬಳಿಗೆ ಬಾಯಿ ತುಂಬ ಸಕ್ಕರೆ. ಬತ್ತಿ ಹೊಸೆಯುವ ಸಣ್ಣಮ್ಮನನ್ನು ಒಂದು ದಿನವೂ ಬೈದವಳಲ್ಲ. ಆದರೆ ಟೀ ಎಲ್ಲರಿಗೂ ಬರುತ್ತಿತ್ತು, ಸಣ್ಣಮ್ಮನಿಗಿಲ್ಲ. ಶುಕ್ರವಾರದ ಹೂವೂ ಅಷ್ಟೆ. "ಅಯ್ಯೋ, ನಿನ್ನ ಮರೆತೇಬಿಟ್ಟೆ ಕಣೇ," ಅಂತ ಗಲ್ಲ ಸವರುವಳು. ಉಳಿದವರು ಮುಸಿಮುಸಿ ನಗುವರು. ಕೊನೆಗೆ ಕಾರ್ಖಾನೆಯ ಸಾಹುಕಾರರು ಬೆಳಿಗ್ಗೆ ಬೇಗ ಬರುತ್ತಾರೆ, ಎಲ್ಲರೂ ಮೊದಲೇ ಬಂದಿರಬೇಕು ಅನ್ನುವ ಸುದ್ದಿಯನ್ನೂ ಇವಳೊಬ್ಬಳಿಗೇ ಹೇಳಲಿಲ್ಲ. ಎಂದಿನ ಹೊತ್ತಿಗೇ ಬಂದು ತಡವಾದ ಸಣ್ಣಮ್ಮನಿಗೆ, ಇನ್ನೊಮ್ಮೆ ಹೀಗಾದರೆ ಕೆಲಸ ಇಲ್ಲ ಅಂದುಬಿಟ್ಟರು ಅವರು.

ಇದು ಮರೆವಲ್ಲ, ತನ್ನನ್ನು ಓಡಿಸುವ ದಾರಿ ಅಂತ ಅವಳಿಗೆ ಅವತ್ತು ಖಾತ್ರಿಯಾಯಿತು. ಓಡುವವಳಲ್ಲ ಸಣ್ಣಮ್ಮ. ಮಾರನೆಯ ದಿನ ಊಟದ ಹೊತ್ತಿಗೆ, ಸಾಹುಕಾರರೂ ಅಲ್ಲೇ ಇರುವಾಗ, ಲಲಿತಾಂಬಳ ಮುಂದೆ ಡಬ್ಬಿ ಬಿಚ್ಚಿಟ್ಟಳು.

"ಒಂದೆಲಗದ ಚಟ್ನಿ ಅಕ್ಕಾ, ಮರೆವಿಗೆ ಒಳ್ಳೇದು. ನನ್ನ ಟೀ, ನನ್ನ ಹೂವು, ಸಾಹುಕಾರರು ಬರೋ ಸುದ್ದಿ, ಎಲ್ಲಾ ಮರೀತೀರಲ್ಲ ಪಾಪ. ದಿನಾ ತಂದ್ಕೊಡ್ತೀನಿ."

ಲಲಿತಾಂಬಳ ಮುಖ ಕೆಂಪಾಯಿತು. "ನಂಗ್ಯಾವ ಮರೆವೂ ಇಲ್ಲ."

"ಹಾಗಾದ್ರೆ ಅವಳಿಗೆ ಯಾಕಮ್ಮ ಹೇಳಲಿಲ್ಲ?" ಅಂದರು ಸಾಹುಕಾರರು.

ಇಷ್ಟು ದಿನ ಪಕ್ಕದಲ್ಲೇ ಕೂತು ನಗುತ್ತಿದ್ದ ಜವರಮ್ಮ ಡಬ್ಬಿಯನ್ನು ಲಲಿತಾಂಬಳತ್ತ ತಳ್ಳಿ, ಮುಖಕ್ಕೇ ಹೇಳಿದಳು:

"ತಿಂದುಬಿಡಿ ಅಕ್ಕಾ. ಮರೆವು ಅಂತ ಒಪ್ಕೊಂಡ್ರೇನೇ ನಿಮ್ಮ ಮರ್ಯಾದೆ ಉಳಿಯೋದು."