ಬಂಡವಾಳಶಾಹಿ ಎಂಬ ಬೈಗುಳ

ಹೊಳೆಯ ದಡದಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಎರಡು ಕೋಣೆ, ಒಂದು ಬೇವಿನ ಮರ. ಅಲ್ಲಿದ್ದ ಗುರುವನ್ನು ಊರವರು ಅಕ್ಕೋರು ಎನ್ನುತ್ತಿದ್ದರು. ಪ್ರಾಯದಲ್ಲಿ ಹಡಗು ಹತ್ತಿ ಹಲವು ದೇಶ ತಿರುಗಿ ಬಂದವರು. ಹಾಗಾಗಿ ಯಾವ ಮಾತನ್ನೂ ಅವರು ಪೂರಾ ನಂಬುತ್ತಿರಲಿಲ್ಲ.

ಒಂದು ಸಂಜೆ ಶಿಷ್ಯ ಕಲ್ಲಿನಾಥ ಓಡುತ್ತ ಬಂದ. ಕೈಯಲ್ಲಿ ಮಸಿಯ ಕುಡಿಕೆ.

"ಅಕ್ಕೋರ, ಸಾವುಕಾರ ವಿರೂಪಣ್ಣ ಗಡ್ಡಿಗೆ ಬೇಲಿ ಹಾಕ್ಯಾನ!"

ಗಡ್ಡೆ ಎಂದರೆ ಹೊಳೆಯ ನಡುವಿನ ಹುಲ್ಲುಗಾವಲು. ಅದು ಯಾರದೂ ಅಲ್ಲ, ಆದ್ದರಿಂದ ಎಲ್ಲರದು. ಊರಿನ ಎಮ್ಮೆಗಳೆಲ್ಲ ಅಲ್ಲೇ ಮೇಯುತ್ತಿದ್ದವು. ಕಲ್ಲಿನಾಥನ ತಾಯಿ ಗಂಗವ್ವನ ಎಮ್ಮೆಗಳೂ. ಅವಳಿಗೆ ಬೇರೆ ಜೀವನಾಧಾರವಿರಲಿಲ್ಲ.

"ಕೇಳಿದರ ಏನಂತಾನ?"

"'ಬಂಡವಾಳ ಹಾಕೀನಿ, ಹುಲ್ಲು ನಂದು' ಅಂತಾನ. ಹುಲ್ಲಿಗೆ ಬಂಡವಾಳ ಹಾಕಿದ್ದು ಮಳಿ ಅಲ್ಲೇನ್ರಿ?"

"ಮತ್ತ ಈ ಮಸಿ?"

"ನಾಳೆ ಅವನ ಗ್ವಾಡಿ ಮ್ಯಾಲೆ ಬರೀತೀನಿ."

ಆ ಊರಿನದೊಂದು ರೂಢಿ. ಎಲ್ಲರ ಸೊತ್ತಿಗೆ ಕೈ ಹಾಕಿದವನ ಗೋಡೆಯ ಮೇಲೆ ಮಸಿಯಲ್ಲಿ ಬೈಗುಳ ಬರೆಯುವುದು. ಅವನು ತಪ್ಪು ತಿದ್ದಿಕೊಂಡು, ತನ್ನ ಕೈಯಿಂದಲೇ ಅದನ್ನು ಅಳಿಸಬೇಕು. ಅಲ್ಲಿಯವರೆಗೆ ಅವನ ಮನೆಯ ನೀರು ಯಾರೂ ಕುಡಿಯುವುದಿಲ್ಲ, ಅವನ ಕೆಲಸಕ್ಕೆ ಯಾರೂ ಹೋಗುವುದಿಲ್ಲ. ಎಂಥೆಂಥ ದೊಡ್ಡವರೂ ತಂಬಿಗೆ ನೀರು, ಚಿಂದಿ ಬಟ್ಟೆ ಹಿಡಿದು ಗೋಡೆ ತಿಕ್ಕಿದ್ದುಂಟು.

"ಏನಂತ ಬರೀತಿ?"

"ಬಂಡವಾಳಶಾಹಿ."

ಅಕ್ಕೋರು ನಕ್ಕರು. "ನಿಮ್ಮವ್ವ ಅವಂಗ ಏನಂತ ಬೈತಾಳ?"

"ಹುಲ್ಲುಗಳ್ಳ ಅಂತಾಳ."

"ಅದನ್ನ ಬರಿ."

"ಛೇ, ಅದು ನಮ್ಮೂರ ಬೈಗುಳ, ಅಕ್ಕೋರ. ಇದು ಜಗತ್ತಿನ ಬೈಗುಳ! ಪಟ್ಟಣದ ಸಭಾದಾಗ ಕೇಳೀನಿ. ಇದು ಹುಟ್ಟಿದ್ದೆಲ್ಲಿ, ಹೇಳ್ರಿ."

ಅಷ್ಟರಲ್ಲಿ ಗಡ್ಡೆಯಿಂದ ಓಡಿಸಿದ ಎಮ್ಮೆಗಳು ಹೊಳೆ ದಾಟಿ ಬರುತ್ತಿದ್ದವು. ನೀರಿನ ಮೇಲೆ ಬರೀ ತಲೆಗಳು. ದಡದಲ್ಲಿ ನಿಂತ ಗಂಗವ್ವ ದಿನದಂತೆ ಎಣಿಸುತ್ತಿದ್ದಳು. "ತಲಿ ಒಂದು... ತಲಿ ಎರಡು..."

"ಅಗೋ, ಅಲ್ಲಿ ಹುಟ್ಟಿದ್ದು," ಎಂದರು ಅಕ್ಕೋರು.

"ಅಂದ್ರ?"

"ನಮ್ಮ ಈ ಮಾತು ಪಡುವಣದವರ ಮಾತಿನ ಅನುವಾದ. ಅವರ ಹಳೇ ಭಾಷಾದಾಗ ಆ ಮಾತಿನ ಬೇರು ಅಂದ್ರ ತಲಿ. ಅವರೂ ದನಾ ಎಣಿಸೋವಾಗ ತಲಿ ಎಣಿಸ್ತಿದ್ರು. ಬರಬರತಾ ಆ ಬೇರಿನಿಂದ ಸೊತ್ತಿಗೆ ಒಂದು ಹೆಸರು ಬಂತು, ಬಡ್ಡಿ ಹುಟ್ಟಿಸೋ ಅಸಲಿಗೆ ಒಂದು ಹೆಸರು ಬಂತು. ಆಮ್ಯಾಲೆ ಅಸಲು ಇಟ್ಕೊಂಡ ಮನಷ್ಯಾಗ. ಕಡೀಕ, ಅಂಥವರ ಕೈಯಾಗ ಸಿಕ್ಕ ಕಾಲಕ್ಕ."

"ಆ ಕಡೀ ಹೆಸರು ಇಟ್ಟವರು ಯಾರು?"

"ಹೆಚ್ಚಾಗಿ ಸಿಟ್ಟಿಗೆದ್ದವರು. ಕೆಲವರು ಒಳಗ ಕುಂತು ಉಳಿದವರನ್ನ ಹೊರಗ ಹಾಕ್ತಾರಲ್ಲ, ಅದನ್ನ ಬೈಯಾಕ."

ಕಲ್ಲಿನಾಥನ ಕಣ್ಣು ಹೊಳೆದವು. "ಬೇಲಿನ ಆತಲ್ರಿ ಮತ್ತ! ಇದಕಿಂತ ಚಲೋ ಬೈಗುಳ ಎಲ್ಲಿ ಸಿಗ್ತೈತಿ?"

"ತಡಿ, ಕತಿ ಮುಗಿದಿಲ್ಲ."

"ಬರದು ಬಂದು ಕೇಳ್ತೀನ್ರಿ!"

ಶಿಷ್ಯರೇ ಹಾಗೆ. ಗುರುವಿನ ಅರ್ಧ ಮಾತಿಗೇ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ.

ಮರುದಿನ ಬರೆದ. ಊರೆಲ್ಲ ಸೇರಿತು. ಓದಿದರು, ಮುಖ ಮುಖ ನೋಡಿಕೊಂಡರು.

"ಏನಂತದು?" ಒಬ್ಬಳು ಕೇಳಿದಳು.

"ಗೊತ್ತಿಲ್ಲವ್ವ. ಇಷ್ಟುದ್ದ ಐತಿ ಅಂದ್ರ ಏನರ ದೊಡ್ಡದ ಇರಬೇಕು," ಎಂದ ಹರಿಗೋಲಿನವ.

ವಿರೂಪಣ್ಣ ಹೊರಗೆ ಬಂದ. ಅವನಿಗೂ ತಿಳಿಯಲಿಲ್ಲ. ಪಟ್ಟಣದಲ್ಲಿ ಓದಿದ ಅಳಿಯನನ್ನು ಕರೆದ.

"ಅಳಿಸಬ್ಯಾಡ್ರಿ ಮಾವಾರ," ಎಂದ ಅಳಿಯ. "ಹೊರದೇಶದಾಗ ಎಂಥೆಂಥ ಮಂದಿ ಎದಿ ತಟ್ಟಿಕೊಂಡು ತಾವು ಹಿಂಗ ಅಂತ ಹೇಳ್ಕೋತಾರ."

ವಿರೂಪಣ್ಣ ಮಸಿಯ ಮೇಲೆ ಬಂಗಾರದ ಬಣ್ಣ ಬಳಿಸಿದ. ಅಕ್ಷರ ಅವೇ. ಮೇಲೊಂದು ದೀಪ ಹಾಕಿಸಿದ. ಊರ ಪಡ್ಡೆಗಳು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡವು. ಅವನ ಮನೆಯ ನೀರನ್ನು ಯಾರೂ ಬಿಡಲಿಲ್ಲ. ಬೈದದ್ದು ಯಾರಿಗೂ ಕೇಳಿಸಿರಲೇ ಇಲ್ಲ.

ಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಕಲ್ಲಿನಾಥ ಮನೆಗೆ ಹೋದ. ಕೊಟ್ಟಿಗೆ ಖಾಲಿ.

"ಯವ್ವಾ, ಎಮ್ಮಿ ಎಲ್ಲಿ?"

"ಮೇವಿಲ್ಲದ ಎಲ್ಲೀತನಕ ಕಟ್ಟಲಿ? ಬಂಡವಾಳಶಾಹಿ ಸಾವುಕಾರ್ರಿಗೆ ಕೊಟ್ಟೆ." ಗಂಗವ್ವ ಬುತ್ತಿ ಕಟ್ಟಿಕೊಳ್ಳುತ್ತಿದ್ದಳು. "ಗಡ್ಡ್ಯಾಗ ಎಮ್ಮಿ ಕಾಯೋ ಕೆಲಸಾ ಕೊಟ್ಟಾರ. ನಮ್ಮ ಎಮ್ಮಿನ ಕಾಯ್ತೀನಿ, ಮತ್ತೇನು?"

"ಹುಲ್ಲುಗಳ್ಳ ಅಂತಿದ್ದೆಲ್ಲಬೇ ಅವಂಗ!"

"ಹಂಗ ಅನಬಾರದಪ್ಪ. ಅವರಿಗೆ ಈಗ ನೀ ಇಟ್ಟ ಹೆಸರೈತಿ." ಅವಳು ಮಗನ ಗಲ್ಲ ಸವರಿದಳು. "ಎಷ್ಟು ಚೆಂದ ಬರದೀಯೋ! ಓಣ್ಯಾಗ ಎಲ್ಲಾರೂ ನಿನ್ನ ಅಕ್ಷರಾನ ಹೊಗಳತಾರ."

ಸಂಜೆ ಕಲ್ಲಿನಾಥ ಆಶ್ರಮಕ್ಕೆ ಬಂದ. ಈ ಸಲ ಓಡಲಿಲ್ಲ. ಕುಡಿಕೆಯನ್ನು ಅಕ್ಕೋರ ಮುಂದಿಟ್ಟ.

"ಉಳದ ಕತಿ ಹೇಳ್ರಿ."

"ನೀನ ನೋಡಿ ಬಂದಿ. ಬೈಸ್ಕೊಂಡವರು ಆ ಬೈಗುಳಾನ ಎತ್ತಿಕೊಂಡು ಮನಿಯೊಳಗ ಒಯ್ದರು. ಮೈ ತೊಳದು, ಹೊಸಾ ಅರಿವಿ ಉಡಿಸಿ, ನಮ್ಮ ಹೆಸರು ಅಂದ್ರು. ಬೈಯಾವ್ರು ಇನ್ನೂ ಬೈತಾರ. ಅವರು ನಮಸ್ಕಾರ ಅಂತಾರ."

"ಹಂಗಾರ ಹುಲ್ಲುಗಳ್ಳ ಅಂತ ಬರದು ಬರ್ತೀನಿ."

"ನಿಮ್ಮವ್ವನ ಮುಂದ ಬರೀತೀಯೇನು?"

ಕಲ್ಲಿನಾಥ ತಲೆ ತಗ್ಗಿಸಿದ. ಕುಡಿಕೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿ ಕೇಳಿದ, "ಇನ್ನೊಂದು ಮಾತು ಕೊಡ್ರಿ ಅಕ್ಕೋರ. ಅವನು ಬಂಗಾರ ಬಳೀಲಾರದಂಥಾದ್ದು."

ಅಕ್ಕೋರು ಎದ್ದರು. ಕುಡಿಕೆಯಲ್ಲಿ ಬೆರಳದ್ದಿ ಆಶ್ರಮದ ಬಿಳಿಗೋಡೆಯ ಮುಂದೆ ನಿಂತರು. ನಿಂತೇ ಇದ್ದರು. ಬೆರಳಿನ ಮಸಿ ಒಣಗಿತು. ಆಮೇಲೆ ಅದನ್ನು ತಮ್ಮ ಸೀರೆಗೆ ಒರೆಸಿಕೊಂಡರು.

ಹೊಳೆಯ ನಡುವೆ ಬೇಲಿಯ ಬಾಗಿಲು ತೆರೆಯಿತು. ಕೆಲಸ ಮುಗಿಸಿದ ಆಳುಗಳು ಸಾಲಾಗಿ ಹೊರಬಂದರು. ಕಾವಲಿನವ ಒಬ್ಬೊಬ್ಬರ ನೆತ್ತಿಯ ಮೇಲೆ ಕೋಲು ಆಡಿಸುತ್ತ ಏನೋ ಕೂಗುತ್ತಿದ್ದ. ಗಂಗವ್ವನ ಸರದಿ ಬಂತು. ಕೋಲಿಗೆ ಎಟುಕಲೆಂದು ಅವಳು ತಾನೇ ಬಗ್ಗಿದಳು.

"ಏನಂತ ಕೂಗಾಕತ್ತಾನ್ರಿ ಅವ?" ಕಲ್ಲಿನಾಥ ಕೇಳಿದ. ಗಾಳಿ ಆ ಕಡೆಗಿತ್ತು.

"ತಲಿ ಎಣಿಸಾಕತ್ತಾನ," ಎಂದರು ಅಕ್ಕೋರು. "ಮಾತು ತಿರುಗಿ ತವರಿಗೆ ಬಂತು, ಕಲ್ಲಿನಾಥ."