ಗ್ಯಾನಪ್ಪ ಬರೆಯಹೊರಟ ಬೋರ್ಡು

ಬೋರ್ಡು ಬರೆಯುವ ಗ್ಯಾನಪ್ಪ ಮಗಳ ಮುಖ ನೋಡಿ ಐದು ತಿಂಗಳಾಗಿತ್ತು. ಹೆಂಡತಿ ಮಗುವಿನೊಂದಿಗೆ ತವರು ಸೇರಿದ್ದಳು. ವಾರಕ್ಕೊಮ್ಮೆಯಾದರೂ ನೋಡಲು ಕೋರ್ಟಿನ ಅಪ್ಪಣೆ ಬೇಕು, ವಕೀಲರನ್ನು ಹಿಡಿಯುವ ಶಕ್ತಿಯಿಲ್ಲ. ಕೋರ್ಟಿನ ಆವರಣದಲ್ಲೇ ಇದ್ದ ಉಚಿತ ಕಾನೂನು ನೆರವಿನ ಕಚೇರಿಗೆ ಹೋದ.

ಗುಮಾಸ್ತ ವೀರಭದ್ರಯ್ಯ ತಲೆ ಎತ್ತಲಿಲ್ಲ. "ಇದೆಲ್ಲ ಹೆಂಗಸರಿಗೆ. ಗಂಡಸರಿಗಿಲ್ಲ, ನಡಿ."

ಬಡವರಾದರೆ ಗಂಡಸರಿಗೂ ಉಂಟು. ಹಾಗೆಂದು ಆ ಕಚೇರಿಯ ಬೋರ್ಡಿನಲ್ಲಿ ಬರೆದವನೇ ಗ್ಯಾನಪ್ಪ. ಈಗ ಅದರ ಮುಂದೆ ಬೀರು ನಿಂತಿತ್ತು, ಬಡವನ ಹಕ್ಕು ಯಾರ ಕಣ್ಣಿಗೂ ಬೀಳದ ಹಾಗೆ.

ಅವನು ಜಗಳವಾಡಲಿಲ್ಲ. ಹೊರಗೆ ಹೋಗಿ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದ. ಗುಮಾಸ್ತ ಓಡಿಬಂದ.

"ಏನೋ ಇದು?"

"ನೀವು ಹೇಳಿದ್ದೇ, ಸಾಹೇಬ್ರೆ. 'ಬಡ ತಂದೆಗೆ ಇಲ್ಲಿ ನೆರವಿಲ್ಲ.' ಇನ್ನೊಬ್ಬ ಸುಮ್ಮನೆ ಅಲೆಯಬಾರದಲ್ಲ! ಕೆಳಗೆ ಬರೆಸಿದವರ ಹೆಸರು ಹಾಕೋದು ನಮ್ಮ ಕಸುಬಿನ ಪದ್ಧತಿ. ವೀರಭದ್ರಯ್ಯ ಅಂದ್ರೆ ಸಾಕೋ, ಹುದ್ದೆಯೂ ಬೇಕೋ? ಜಡ್ಜ್ ಸಾಹೇಬರು ಬರೋದರೊಳಗೆ ಮುಗಿಸ್ತೀನಿ."

ವೀರಭದ್ರಯ್ಯ ತನ್ನ ಕರವಸ್ತ್ರದಿಂದಲೇ ಗೋಡೆ ಒರೆಸಿದ. ಅರ್ಜಿಯನ್ನೂ ತಾನೇ ತುಂಬಿದ.

ಈಗ ಭಾನುವಾರ ಬಂದರೆ ಗ್ಯಾನಪ್ಪನ ಸೈಕಲ್ ಮೇಲೆ ಮಗಳಿರುತ್ತಾಳೆ. ಕಚೇರಿಗೆ ಯಾವ ತಂದೆ ಬಂದರೂ ಗುಮಾಸ್ತ ಮೊದಲು ಅವನ ಬೆರಳು ನೋಡುತ್ತಾನೆ, ಬಣ್ಣ ಮೆತ್ತಿದೆಯೇ ಎಂದು. ಆಮೇಲೆ ಕುರ್ಚಿ ಕೊಡುತ್ತಾನೆ.